ಟೆರೇಸಿನ ತರಕಾರಿಗೆ ನೀರು ಅಳೆಯುವ ಕ್ರಮ: ಸುರಂಗ, ಬಾವಿ, ಬೋರು

ಗ್ರೋಬ್ಯಾಗಿನಲ್ಲಿ ಬೆಂಡೆ, ಬದನೆ, ಟೊಮೆಟೊ ನೆಡುವವರು ಗೊಬ್ಬರದ ಬಗ್ಗೆ ಬೇಕಾದಷ್ಟು ವಿಚಾರಿಸುತ್ತಾರೆ, ನೀರಿನ ಬಗ್ಗೆ ವಿಚಾರಿಸುವವರು ಕಡಿಮೆ. ನೆಲದ ಗಿಡಕ್ಕೆ ಅದು ನಡೆದೀತು. ಚೀಲದಲ್ಲಿ ದಿನವೂ ಅಷ್ಟೇ ಮಣ್ಣಿನ ಮೂಲಕ ನೀರು ಹಾದುಹೋಗುತ್ತದೆ. ನೀರಲ್ಲಿ ಇರುವ ಉಪ್ಪು ಅಲ್ಲೇ ಉಳಿಯುತ್ತದೆ, ನೀರು ಸಪ್ಪೆಯಾಗಿದ್ದರೆ ಮಣ್ಣಿನಲ್ಲಿದ್ದದ್ದೂ ತೊಳೆದುಹೋಗುತ್ತದೆ. ನಮ್ಮ ಕಾಸರಗೋಡಿನ ಗುಡ್ಡೆಯ ನೀರು ಎರಡನೆಯ ಬಗೆಯದ್ದು. ಕೋಲಾರ, ಬಳ್ಳಾರಿಯ ಗಡಸು ನೀರಿಗೆ ಹೇಳಿದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಬಾರದು.

ಬೇಕಾದದ್ದು ಎರಡು ಪೆನ್ನಿನಂಥ ಮೀಟರು: ಒಂದು ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಂದು ನೋಡಲು; ಇನ್ನೊಂದು ಇಸಿ, ಅಂದರೆ ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದರಿಂದ ಅದರಲ್ಲಿ ಕರಗಿದ ಲವಣ ತಿಳಿಯಲು. ಟಿಡಿಎಸ್ ಪೆನ್ನೂ ಅಳೆಯುವುದು ಇಸಿಯನ್ನೇ. ಅದನ್ನು ಒಳಗೇ ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ಕೆಲವು ಪೆನ್ನು 500ರಿಂದ, ಕೆಲವು 700ರಿಂದ ಗುಣಿಸುತ್ತವೆ. ಅಂದರೆ ಇಸಿ 1 ಮಿಲಿ ಸೀಮನ್ಸ್ ಇರುವ ಅದೇ ನೀರು ಒಬ್ಬರಲ್ಲಿ 500, ಇನ್ನೊಬ್ಬರಲ್ಲಿ 700 ತೋರಿಸುತ್ತದೆ. ಹಾಗಾಗಿ ನಾನು ಲೆಕ್ಕ ಬರೆದಿಡುವುದು ಇಸಿಯಲ್ಲಿ ಮಾತ್ರ.

ಪಿಎಚ್ ಪೆನ್ನಿನ ಜೊತೆ ಪುಡಿಯ ಪೊಟ್ಟಣಗಳು ಬರುತ್ತವೆ, ಹೆಚ್ಚಾಗಿ 6.86 ಮತ್ತು 4.00. ಒಂದೊಂದನ್ನು 250 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಬೇಕು. ಮೊದಲು 6.86ರಲ್ಲಿ ಮುಳುಗಿಸಿ ಸರಿಹೊಂದಿಸಿ, ತೊಳೆದು, ಆಮೇಲೆ 4.00ರಲ್ಲಿ. ನಮ್ಮ ನೀರು ಹುಳಿಯ ಕಡೆಗಿರುವುದರಿಂದ 4.00 ಬಿಡುವಂತಿಲ್ಲ. ಇಸಿ ಪೆನ್ನಿಗೆ 1413 ಮೈಕ್ರೋ ಸೀಮನ್ಸಿನ ದ್ರಾವಣ ಸಿಗುತ್ತದೆ. ಪಿಎಚ್ ಪೆನ್ನಿನ ಗಾಜಿನ ಗುಂಡು ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು. ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ ಹಾಕಿಡಿ. ಒಣಗಿದ ಪೆನ್ನು ಅಂಕಿ ತೋರಿಸುತ್ತಲೇ ಇರುತ್ತದೆ, ಆದರೆ ಆ ಅಂಕಿಯನ್ನು ನಂಬುವ ಹಾಗಿಲ್ಲ.

ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯ ಸುರಂಗದ, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಮಾಟೆಯ, ನೀರನ್ನು ಅಳೆಯುವಾಗ ಅವಸರ ಸಲ್ಲ. ಮುರಕಲ್ಲಿನಿಂದ ಒಸರಿ ಬರುವ ಈ ನೀರಿನಲ್ಲಿ ಲವಣ ಬಹಳ ಕಡಿಮೆ, ಪಿಎಚ್ ಪೆನ್ನಿಗೆ ಹಿಡಿಯಲು ಏನೂ ಇಲ್ಲದಷ್ಟು. ಅಂಕಿ ನಿಲ್ಲದೆ ಜಾರುತ್ತಲೇ ಇರುತ್ತದೆ. ಎರಡು ಮೂರು ನಿಮಿಷ ಅಲ್ಲಾಡಿಸದೆ ಬಿಡಬೇಕು. ಇನ್ನೊಂದು ಕಾರಣವೂ ಇದೆ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದು ಪಿಎಚ್ ಇಳಿಸುತ್ತದೆ. ಆಗಷ್ಟೇ ಹಿಡಿದ ನೀರು 5.5 ತೋರಿಸಿ, ಅಗಲ ಬಾಯಿಯ ಬಾಲ್ದಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ 6 ದಾಟಿರಬಹುದು. ಗಿಡಕ್ಕೆ ಲೆಕ್ಕ ಆ ಎರಡನೆಯ ಅಂಕಿ. ಎರಡನ್ನೂ ಬರೆದಿಡುವುದು ಒಳ್ಳೆಯದು.

ಕೊಕೊಪೀಟಿನಲ್ಲಿ (ತೆಂಗಿನ ಸಿಪ್ಪೆಯ ಹುಡಿ) ಬೆಳೆಯುವ ಹೆಚ್ಚಿನ ತರಕಾರಿಗೆ ಪಿಎಚ್ 5.5ರಿಂದ 6.5 ಸರಿ. ಹಾಗಾಗಿ ನಮ್ಮಲ್ಲಿ ಆಸಿಡ್ ಹಾಕುವ ಕೆಲಸವೇ ಬರುವುದಿಲ್ಲ. ಬಯಲುಸೀಮೆಯ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಆಸಿಡನ್ನು ಅದು ತಡೆದುಕೊಳ್ಳುತ್ತದೆ. ಇಲ್ಲಿ ಆ ತಡೆ ಇಲ್ಲ. ಬಾಲ್ದಿಗೆ ನಾಲ್ಕೈದು ಹನಿ ಹಾಕಿದರೂ ಪಿಎಚ್ ಕುಸಿಯುತ್ತದೆ, ಬೇರು ಸುಡುತ್ತದೆ. ನಮಗೆ ಬೇಕಾದದ್ದು ಸುಣ್ಣ. ಚೀಲ ತುಂಬಿಸುವ ಮೊದಲು ಒಂದೊಂದು ಚೀಲದ ಮಣ್ಣಿಗೆ 50 ಗ್ರಾಂ ಸುಣ್ಣ ಅಥವಾ ಡೊಲೊಮೈಟ್ ಬೆರೆಸಿ, ನೀರು ಚಿಮುಕಿಸಿ, ಎರಡು ವಾರ ಬಿಡುತ್ತೇನೆ. ಸೆಗಣಿ ಗೊಬ್ಬರ ಆಮೇಲೆ. ಎರಡನ್ನೂ ಒಟ್ಟಿಗೆ ಸೇರಿಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಸಪ್ಪೆ ನೀರಿನ ನಿಜವಾದ ಕೊರತೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಳಿಬೀಳುವುದಕ್ಕೆ ಮದ್ದು ಸಿಂಪಡಿಸುವವರಿದ್ದಾರೆ. ಅದು ರೋಗವಲ್ಲ, ಕ್ಯಾಲ್ಸಿಯಂ ಕಾಯಿಗೆ ತಲುಪದೆ ಬರುವ ತೊಂದರೆ. ಒಂದು ದಿನ ನೀರು ತಪ್ಪಿ ಮರುದಿನ ಸುರಿದರೂ ಹಾಗಾಗುತ್ತದೆ. ಹಳೆಯ ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಸಾಲದು. ವಾರಕ್ಕೊಮ್ಮೆ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದು ದಿನ 1 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಸಾಕಾಗುತ್ತದೆ. ಎರಡನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕರಗಿಸಿಡಬೇಡಿ. ಜಿಪ್ಸಮ್ ಆಗಿ ಬಿಳಿ ಗಸಿ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ.

ಬೋರಿನ ನೀರಿನ ಕಥೆ ಬೇರೆ. ಗಾಜಿನ ಲೋಟದಲ್ಲಿ ಹಿಡಿದಾಗ ಸ್ಫಟಿಕದಂತೆ ಇರುತ್ತದೆ. ಸಂಜೆಗೆ ಮೇಲೆ ಎಣ್ಣೆಯಂತಹ ಪದರ, ತಳದಲ್ಲಿ ಕಾವಿ ಬಣ್ಣದ ಪುಡಿ. ಕಡ್ಡಿಯಿಂದ ಪದರವನ್ನು ಮುಟ್ಟಿ ನೋಡಿ. ಚೂರುಚೂರಾಗಿ ಒಡೆದು ಹಾಗೆಯೇ ನಿಂತರೆ ಕಬ್ಬಿಣ, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಕಬ್ಬಿಣದ ನೀರು ಡ್ರಿಪ್ಪಿನ ತೂತುಗಳನ್ನು ಕಟ್ಟಿಬಿಡುತ್ತದೆ. ತೆರೆದ ಟ್ಯಾಂಕಿಗೆ ಎತ್ತರದಿಂದ ಬೀಳಿಸಿ, ಒಂದು ದಿನ ತಂಗಲು ಬಿಟ್ಟು, ತಳದಿಂದ ಒಂದಡಿ ಮೇಲಿನ ನಲ್ಲಿಯಿಂದ ತೆಗೆಯಬೇಕು. ನೀರು ಹುಳಿಯಾಗಿದ್ದರೆ ಕಬ್ಬಿಣ ತುಕ್ಕಾಗುವುದು ನಿಧಾನ. ಸ್ವಲ್ಪ ಸುಣ್ಣದ ತಿಳಿ ಬೆರೆಸಿದರೆ ಬೇಗ ತಳ ಸೇರುತ್ತದೆ.

ಕುಂಬಳೆ, ಮೊಗ್ರಾಲ್, ಶಿರಿಯ ಅಳಿವೆಯ ಹತ್ತಿರದವರು ಮಾರ್ಚಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಇಸಿ ನೋಡಲೇಬೇಕು. ಹೊಳೆಯ ಹರಿವು ಬತ್ತಿದಾಗ ಉಪ್ಪು ನೀರು ಒಳಗೆ ಬರುತ್ತದೆ, ಬಾವಿಗೂ ಇಳಿಯುತ್ತದೆ. ಬಾಯಿಗೆ ರುಚಿ ಗೊತ್ತಾಗುವ ಮೊದಲೇ ಪೆನ್ನು ಹೇಳುತ್ತದೆ. 0.7 ಮಿಲಿ ಸೀಮನ್ಸ್ ದಾಟಿದರೆ ಬೀನ್ಸ್ ಸೊರಗಲು ಶುರು. ಅಲಸಂಡೆ ಅದಕ್ಕಿಂತ ಹೆಚ್ಚು ತಡೆಯುತ್ತದೆ, ಹಾಗಾಗಿ ಬೇಸಿಗೆಗೆ ಕರಾವಳಿಯಲ್ಲಿ ನಾನು ಹೇಳುವುದು ಅಲಸಂಡೆಯನ್ನೇ.

ಉಪ್ಪು ಬರುವುದು ನೀರಿನಿಂದ ಮಾತ್ರವಲ್ಲ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ಕೊಕೊಪೀಟಿನಲ್ಲೂ ಇರುತ್ತದೆ. 5 ಕೆಜಿಯ ಇಟ್ಟಿಗೆಯನ್ನು ನೆನೆಸಿ, ಹಿಂಡಿದ ನೀರಿನ ಇಸಿ 0.5ಕ್ಕಿಂತ ಕೆಳಗೆ ಬರುವವರೆಗೆ ತೊಳೆಯಿರಿ. ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು ಇನ್ನೊಮ್ಮೆ ತೊಳೆಯಬೇಕು. ನಾರಿಗೆ ಅಂಟಿಕೊಂಡ ಸೋಡಿಯಂ ಬರಿ ನೀರಿಗೆ ಬಿಡುವುದಿಲ್ಲ, ಕ್ಯಾಲ್ಸಿಯಂ ಅದನ್ನು ಎಬ್ಬಿಸಿ ತಾನು ಕೂರುತ್ತದೆ.

ಗೊಬ್ಬರದ ನೀರನ್ನು ಅಳೆಯುವವರು ಒಂದು ಗಮನಿಸಬೇಕು: ಯೂರಿಯಾ ಇಸಿ ಪೆನ್ನಿಗೆ ಕಾಣುವುದಿಲ್ಲ, ಅದು ವಿದ್ಯುತ್ ಹರಿಸುವುದಿಲ್ಲ. ನೀರಿನಲ್ಲಿ ಕರಗುವ 19:19:19 ಗೊಬ್ಬರದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾವೇ. ಅಂಕಿ ಕಡಿಮೆ ಬಂತೆಂದು ಇನ್ನೊಂದು ಚಮಚ ಹಾಕಬೇಡಿ, ತೂಗಿ ಹಾಕಿ. ಚೀಲದ ಒಳಗಿನ ಸ್ಥಿತಿ ತಿಳಿಯಲು ನೀರು ಹೊಯ್ದು ಅರ್ಧ ಗಂಟೆ ಕಳೆದು ಇನ್ನೊಂದು ಲೋಟ ಹೊಯ್ಯಿರಿ, ಅಡಿಯಿಂದ ಇಳಿದದ್ದನ್ನು ತಟ್ಟೆಯಲ್ಲಿ ಹಿಡಿದು ಅಳೆಯಿರಿ. ಅದರ ಇಸಿ ಕೊಟ್ಟ ನೀರಿನ ಇಸಿಯ ಒಂದೂವರೆ ಪಟ್ಟು ಮೀರಿದರೆ ಗೊಬ್ಬರ ನಿಲ್ಲಿಸಿ ಬರಿ ನೀರು ಕೊಡುವುದು.

ಪೆನ್ನಿನ ಮಿತಿಯನ್ನೂ ಹೇಳಬೇಕು. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ಇದು, ಆ ಭಯದಿಂದಲೇ ಮೀಟರ್ ಕೊಳ್ಳುವವರಿದ್ದಾರೆ. ಕೀಟನಾಶಕವನ್ನಾಗಲಿ ರೋಗಾಣುವನ್ನಾಗಲಿ ಈ ಪೆನ್ನುಗಳು ತೋರಿಸಲಾರವು. 40 ಪಿಪಿಎಂ ಇದ್ದ ಮಾತ್ರಕ್ಕೆ ಕುಡಿಯಲು ಶುದ್ಧ ಎಂದಲ್ಲ. ಕುಡಿಯುವ ನೀರಿಗೆ ಪ್ರಯೋಗಾಲಯವೇ ಬೇಕು. ರೋಗಾಣು ಪರೀಕ್ಷೆಯ ಮಾದರಿಯನ್ನು ಅವರೇ ಕೊಟ್ಟ ಬಾಟಲಿಯಲ್ಲಿ ಹಿಡಿದು, ತಂಪಾಗಿಟ್ಟು, ಅದೇ ದಿನ ಮುಟ್ಟಿಸಬೇಕು.

ಮೊದಲ ಮಳೆಯಲ್ಲಿ ಬಾವಿ ಕಲಕಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವ ಕ್ರಮ: 1000 ಲೀಟರಿಗೆ 2.5 ಗ್ರಾಂ. 3 ಮೀಟರ್ ಅಗಲದ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್, ಅಂದರೆ 35 ಗ್ರಾಂ. ಬಾಲ್ದಿಯಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹೊಯ್ಯಬೇಕು. ಸಂಜೆ ಹಾಕಿದರೆ ಬೆಳಿಗ್ಗೆ ಬಳಸಬಹುದು. ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳನ್ನು ಹಾಕಿದ ಚೀಲಗಳಿಗೆ ಮಾತ್ರ ಆ ನೀರನ್ನು ಇನ್ನೊಂದು ದಿನ ತೆರೆದ ಬಾಲ್ದಿಯಲ್ಲಿಟ್ಟು, ಕ್ಲೋರಿನ್ ವಾಸನೆ ಹೋದ ಮೇಲೆ ಹೊಯ್ಯಿರಿ.