ಹಳೇ ಬ್ರಿಕ್ಕು, ಹೊಸ ಬ್ರಿಕ್ಕು ಬಣ್ಣ ಕೂಡ್ತಿಲ್ವಾ? ಮೊದ್ಲು ತಿರುಗಿಸಿ ಅಡಿ ನೋಡಿ

ಹಳೇ ಡಬ್ಬದಲ್ಲಿದ್ದ ಲೆಗೋ ಪೀಸುಗಳನ್ನ (ಒಂದಕ್ಕೊಂದು ಸಿಕ್ಕಿಸಿ ಕಟ್ಟೋ ಪ್ಲಾಸ್ಟಿಕ್ ಆಟದ ಇಟ್ಟಿಗೆ, ಅಂದ್ರೆ ಬ್ರಿಕ್ಕು) ಹೊಸ ಸೆಟ್ಟಿನ ಪೀಸುಗಳ ಜೊತೆ ಸೇರಿಸಿ ಒಂದು ಗೋಡೆ ಕಟ್ಟಿ ನೋಡಿ, ಸಮಸ್ಯೆ ಏನು ಅಂತ ತಾನಾಗೇ ಗೊತ್ತಾಗುತ್ತೆ. ನಾನು ಒಂದು ಕೋಟೆ ಕಟ್ಟಿದ್ದೆ, ಮೂರು ಸಂಜೆ ಕೂತು, ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲಾ ಗ್ರೇ ಒಂದೇ ಥರ ಕಾಣ್ತಿತ್ತು, ಬೆಳಿಗ್ಗೆ ಕಿಟಕಿ ತೆಗೆದು ನೋಡಿದ್ರೆ ಗೋಡೆ ತುಂಬಾ ತೇಪೆ ಹಾಕಿದ ಹಾಗೆ, ಅರ್ಧ ಪೀಸು ಸ್ವಲ್ಪ ಹಸಿರು ಹಳದಿ ಕಡೆ ವಾಲಿರೋ ಗ್ರೇ, ಇನ್ನರ್ಧ ನೀಲಿ ಕಡೆ ವಾಲಿರೋ ಗ್ರೇ. ಹಳೇದೆಲ್ಲಾ ಬಿಸಿಲಿಗೆ ಹಳದಿ ತಿರುಗಿದೆ ಅಂದ್ಕೊಂಡು ಎರಡು ದಿನ ಹಳದಿ ತೆಗೆಯೋ ಹೈಡ್ರೋಜನ್ ಪೆರಾಕ್ಸೈಡಲ್ಲಿ ನೆನೆಸಿಟ್ಟೆ, ಒಂದು ಚೂರೂ ಬದಲಾಗ್ಲಿಲ್ಲ. ಬದಲಾಗೋಕೆ ಅಲ್ಲಿ ಏನೂ ಇರ್ಲಿಲ್ಲ, ಆ ಪೀಸುಗಳು ಫ್ಯಾಕ್ಟರಿಯಿಂದ ಬಂದಿದ್ದೇ ಆ ಬಣ್ಣದಲ್ಲಿ. ಅದಕ್ಕೇ ಹೇಳ್ತಿದ್ದೀನಿ, ಕೈ ಹಾಕೋ ಮೊದ್ಲು ನಿಮ್ಮ ಪೀಸಿಗೆ ವಯಸ್ಸಾಗಿದ್ಯಾ ಇಲ್ಲಾ ಅದು ಹುಟ್ಟಿದ್ದೇ ಬೇರೆ ಬಣ್ಣದಲ್ಲಾ ಅಂತ ತಿಳ್ಕೊಳ್ಳಿ, ಎರಡಕ್ಕೂ ಔಷಧಿ ಬೇರೆ ಬೇರೆ.

ತಿಳ್ಕೊಳ್ಳೋದು ಸುಲಭ. ಒಂದು ಪೀಸು ತಗೊಂಡು ಹಗಲು ಬೆಳಕಿಗೆ ಹೋಗಿ, ನೇರ ಬಿಸಿಲು ಬೇಡ, ಕಿಟಕಿ ಪಕ್ಕದ ನೆರಳು ಸಾಕು. ಬಲ್ಬಿನ ಕೆಳಗೆ ಮಾತ್ರ ನೋಡ್ಬೇಡಿ, ಎರಡು ಬೇರೆ ಬಣ್ಣ ಒಂದು ಲೈಟಲ್ಲಿ ಒಂದೇ ಥರ ಕಂಡು ಇನ್ನೊಂದು ಲೈಟಲ್ಲಿ ಬೇರೆ ಆಗೋದು ಮಾಮೂಲಿ. ಈಗ ಪೀಸನ್ನ ತಿರುಗಿಸಿ ಅಡಿ ನೋಡಿ, ಒಳಗಡೆ ಟ್ಯೂಬಿನ ಥರ ಇರುತ್ತಲ್ಲ, ಅದರ ಸುತ್ತ ಇರೋ ಜಾಗಕ್ಕೆ ಬಿಸಿಲು ಬಿದ್ದಿರೋದು ತೀರಾ ಕಮ್ಮಿ. ಮೇಲಿನ ಬಣ್ಣ ಮತ್ತೆ ಒಳಗಿನ ಬಣ್ಣ ಬೇರೆ ಇದ್ರೆ ಪೀಸು ಹಳದಿ ತಿರುಗಿದೆ ಅಂತ ಅರ್ಥ. ಎಷ್ಟೋ ಸಲ ಸೈಡಲ್ಲಿ ಗೆರೆ ಎಳೆದ ಹಾಗೆ ಕಾಣುತ್ತೆ, ಪಕ್ಕದ ಬ್ರಿಕ್ಕು ಮುಚ್ಕೊಂಡಿದ್ದ ಭಾಗ ಬಿಳಿ, ಹೊರಗಿದ್ದ ಭಾಗ ಹಳದಿ. ಒಳಗೂ ಹೊರಗೂ ಒಂದೇ ಬಣ್ಣ ಇದ್ದು ಹೊಸ ಪೀಸಿನ ಪಕ್ಕ ಇಟ್ಟಾಗ ಮಾತ್ರ ಬೇರೆ ಕಂಡ್ರೆ ಅದು ಹೆಚ್ಚಾಗಿ ಹುಟ್ಟಿನ ಬಣ್ಣ, ಅದನ್ನ ತೊಳೆದು ಪ್ರಯೋಜನ ಇಲ್ಲ.

ಹುಟ್ಟಿನ ಬಣ್ಣ ಯಾಕೆ ಬೇರೆ ಅಂದ್ರೆ, 2003-04ರ ಹೊತ್ತಿಗೆ ಲೆಗೋದವರು ಹಳೇ ಲೈಟ್ ಗ್ರೇ, ಡಾರ್ಕ್ ಗ್ರೇ, ಬ್ರೌನ್ ಈ ಮೂರನ್ನೂ ನಿಲ್ಲಿಸಿ ಬೇರೆ ಶೇಡ್ ತಂದ್ರು. ಹೊಸ ಗ್ರೇಗಳಲ್ಲಿ ನೀಲಿ ಛಾಯೆ ಇದೆ, ಹೊಸ ಬ್ರೌನಲ್ಲಿ ಕೆಂಪು ಛಾಯೆ ಇದೆ. ಬಿಡಿ ಪೀಸು ಕೊಳ್ಳೋ ಕಡೆ ಇವುಗಳನ್ನ ಲೈಟ್ ಬ್ಲೂಯಿಶ್ ಗ್ರೇ, ಡಾರ್ಕ್ ಬ್ಲೂಯಿಶ್ ಗ್ರೇ, ರೆಡ್ಡಿಶ್ ಬ್ರೌನ್ ಅಂತಾರೆ, ಕಂಪನಿಯವರ ಪಟ್ಟೀಲಿ ಅದೇ ಗ್ರೇಗಳಿಗೆ ಮೀಡಿಯಮ್ ಸ್ಟೋನ್ ಗ್ರೇ, ಡಾರ್ಕ್ ಸ್ಟೋನ್ ಗ್ರೇ ಅಂತ ಹೆಸರು. ಹಾಗಾಗಿ ಹಳೇ ಸೆಟ್ಟಿಗೆ ಕಳೆದುಹೋದ ಪೀಸು ಕೊಳ್ಳೋವಾಗ ಬರೀ ಗ್ರೇ ಅಂತ ಹುಡುಕಿದ್ರೆ ಸಾಲ್ದು, ಸೆಟ್ಟು ಯಾವ ವರ್ಷದ್ದು ನೋಡ್ಕೊಂಡು ಬ್ಲೂಯಿಶ್ ಅನ್ನೋ ಪದ ಇದ್ಯಾ ಇಲ್ವಾ ಅಂತ ಓದಿ ಆಮೇಲೆ ಆರ್ಡರ್ ಮಾಡಿ. ಆ ಒಂದೆರಡು ವರ್ಷದ ಕೆಲವು ಸೆಟ್ಟುಗಳಲ್ಲಿ ಎರಡೂ ಬೆರೆತಿರುತ್ತೆ, ಆ ಕಾಲದ್ದಾದ್ರೆ ಕೈಯಲ್ಲಿರೋ ಪೀಸನ್ನೇ ಪಕ್ಕ ಇಟ್ಟು ನೋಡೋದು ಒಂದೇ ದಾರಿ.

ಇನ್ನು ಹಳದಿ ತಿರುಗೋ ವಿಷ್ಯ. ಈ ಬ್ರಿಕ್ಕುಗಳು ಎಬಿಎಸ್ ಅನ್ನೋ ಪ್ಲಾಸ್ಟಿಕ್ಕು, ಅದರಲ್ಲಿ ಬ್ಯೂಟಡೈನ್ ಅಂತ ಒಂದು ರಬ್ಬರಿನಂಥ ಭಾಗ ಇರುತ್ತೆ, ಬಿದ್ರೂ ಒಡೆಯದೇ ಇರೋದು ಅದರಿಂದಾನೇ, ಆದ್ರೆ ಬಿಸಿಲಿನ ಯುವಿ ಕಿರಣ ಮತ್ತೆ ಗಾಳೀಲಿರೋ ಆಕ್ಸಿಜನ್ನು ಮೊದ್ಲು ತಿನ್ನೋದೂ ಅದನ್ನೇ, ಹಾಗಾಗಿ ಮೇಲ್ಮೈ ಹಳದಿಗೆ ತಿರುಗುತ್ತೆ. ಬಿಳಿ ಮತ್ತೆ ತಿಳಿ ಗ್ರೇ ಪೀಸಲ್ಲಿ ಇದು ಎದ್ದು ಕಾಣುತ್ತೆ, ನೀಲಿ ಆದ್ರೆ ಹಸಿರು ಮಿಶ್ರ ಆದ ಹಾಗೆ ಆಗುತ್ತೆ, ಕಪ್ಪಲ್ಲಿ ಗೊತ್ತೇ ಆಗಲ್ಲ.

ಮೊದ್ಲು ಸುಮ್ನೆ ತೊಳೀರಿ. ಎಷ್ಟೋ ಪೀಸು ಬರೀ ಕೊಳೆ, ಧೂಳು, ಕೈ ಜಿಡ್ಡು, ಸಿಗರೇಟ್ ಹೊಗೆ. ಉಗುರುಬೆಚ್ಚಗಿನ ನೀರು, 40 ಡಿಗ್ರಿ ದಾಟ್ಬಾರ್ದು, ಒಂದು ಚೂರು ಪಾತ್ರೆ ತೊಳೆಯೋ ಲಿಕ್ವಿಡ್ಡು, ಹಳೇ ಟೂತ್‌ಬ್ರಷ್ಷು. ವಾಷಿಂಗ್ ಮೆಷಿನ್ನಿಗೆ ಹಾಕ್ಬೇಡಿ. ಸ್ಟಿಕ್ಕರ್ ಇರೋದು, ಮೋಟರ್ ಮತ್ತೆ ಲೈಟ್ ಇರೋದನ್ನ ನೀರಿಗೆ ಹಾಕದೆ ಒದ್ದೆ ಬಟ್ಟೇಲಿ ಒರೆಸಿ.

ತೊಳೆದ್ಮೇಲೂ ಹಳದಿ ಹೋಗ್ಲಿಲ್ಲ ಅಂದ್ರೆ ಆಗ ಹೈಡ್ರೋಜನ್ ಪೆರಾಕ್ಸೈಡು. ಮೆಡಿಕಲ್ ಶಾಪಲ್ಲಿ ಸಿಗೋ 3% ಸಾಕು, 6% ಆದ್ರೆ ಬೇಗ ಆಗುತ್ತೆ, ಅದಕ್ಕಿಂತ ಗಟ್ಟಿ ಬೇಡ, ಚರ್ಮ ಸುಡುತ್ತೆ. ಕೂದಲಿಗೆ ಹಚ್ಚೋ ಕ್ರೀಮ್ ಥರದ್ದೂ ಬೇಡ, ಒಂದು ಕಡೆ ದಪ್ಪ ಒಂದು ಕಡೆ ತೆಳು ಕೂತು ಪೀಸ್ ಮೇಲೆ ಬಿಳಿ ಮಚ್ಚೆ ಬೀಳುತ್ತೆ, ಒಂದ್ಸಲ ಬಿದ್ರೆ ಸುಲಭಕ್ಕೆ ಹೋಗಲ್ಲ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಮಕ್ಕಳ ಕೈಗೆ ಸಿಗದ ಜಾಗ ನೋಡ್ಕೊಳ್ಳಿ, ಬ್ಲೀಚಿಂಗ್ ಪೌಡರ್ ಅಥವಾ ಬೇರೆ ಯಾವ ಕ್ಲೀನರ್ ಜೊತೇನೂ ಬೆರೆಸ್ಬೇಡಿ. ಪಾರದರ್ಶಕ ಗಾಜಿನ ಡಬ್ಬಕ್ಕೆ ಪೀಸು ಹಾಕಿ, ಮುಳುಗೋ ಅಷ್ಟು ಸುರಿದು ಬಿಸಿಲಲ್ಲಿಡಿ. ಮುಚ್ಚಳ ಬಿಗಿಯಾಗಿ ಹಾಕ್ಲೇಬೇಡಿ, ಆಕ್ಸಿಜನ್ ಬರ್ತಾ ಇರುತ್ತೆ, ಒತ್ತಡ ಜಾಸ್ತಿ ಆದ್ರೆ ಡಬ್ಬ ಒಡೆದು ಸಿಡಿಯುತ್ತೆ.

ಸ್ವಲ್ಪ ಹೊತ್ತಿಗೆ ಪ್ರತಿ ಸ್ಟಡ್ಡಿನ (ಪೀಸಿನ ಮೇಲಿರೋ ಗುಂಡನೆ ಉಬ್ಬು) ಸುತ್ತ ಸಣ್ಣ ಸಣ್ಣ ಗುಳ್ಳೆ ಅಂಟ್ಕೊಳ್ಳುತ್ತೆ, ಅಡಿಯಲ್ಲಿ ಗಾಳಿ ತುಂಬಿ ಪೀಸು ಮೇಲಕ್ಕೆ ತೇಲಿ ಬರುತ್ತೆ, ಗಾಳೀಲಿರೋ ಅರ್ಧ ಹಳದಿ ಆಗೇ ಉಳಿಯುತ್ತೆ. ಅದಕ್ಕೆ ಗಂಟೆಗೊಂದು ಸಲ ಕದಡಿ, ಮೇಲೆ ಒಂದು ಗಾಜಿನ ತಟ್ಟೆ ಭಾರ ಇಡಿ. 3% ಆದ್ರೆ ಎರಡು ಮೂರು ದಿನದ ಬಿಸಿಲು ಬೇಕಾಗ್ಬಹುದು, ಅವಸರ ಬೇಡ, ಆದ್ರೆ ಸಾಕು ಅನ್ಸಿದ ತಕ್ಷಣ ತೆಗೀರಿ, ಅತಿ ಆದ್ರೆ ನೀಲಿ ಥರದ ಬಣ್ಣಗಳು ಪೇಲವ ಆಗ್ತವೆ. ಪ್ರಿಂಟ್ ಇರೋ ಪೀಸಾದ್ರೆ ಮೊದ್ಲು ಕೆಲಸಕ್ಕೆ ಬಾರದ ಒಂದನ್ನ ಹಾಕಿ ನೋಡಿ. ತುಂಬಾ ಹಳೇ ಕಾಲದ ಬ್ರಿಕ್ಕು, 1963ರಲ್ಲಿ ಎಬಿಎಸ್ ಬರೋಕೆ ಮುಂಚಿನದು, ಅವು ಸೆಲ್ಯುಲೋಸ್ ಅಸಿಟೇಟು ಅನ್ನೋ ಬೇರೆ ಪ್ಲಾಸ್ಟಿಕ್ಕು, ಸುಮ್ನೆ ಇಟ್ರೇನೇ ಸೊಟ್ಟ ಆಗೋ ಜಾತಿ, ಅವುಗಳ ಮೇಲೆ ಇದ್ಯಾವ ಪ್ರಯೋಗನೂ ಮಾಡ್ಬೇಡಿ. ಇನ್ನೊಂದು ಮಾತು, ಬೆಳ್ಳಗಾದ ಪೀಸು ಮುಂದೆ ಮತ್ತೆ ಹಳದಿ ಆಗೋದುಂಟು, ಸವೆದಿರೋ ಪ್ಲಾಸ್ಟಿಕ್ಕು ಹೊಸದಾಗಲ್ಲ, ಬಣ್ಣ ಮಾತ್ರ ತಿಳಿಯಾಗೋದು.

ನಿಜ ಹೇಳ್ಬೇಕಂದ್ರೆ ಎಷ್ಟೋ ಸಲ ಇದ್ಯಾವುದೂ ಬೇಕಾಗಲ್ಲ. ಬಿಳಿ ಬ್ರಿಕ್ಕಿಗೆ ಒಂದೇ ಮುಖ ಹಳದಿ ಇದ್ರೆ ಅದನ್ನ ಒಳಗಡೆಗೆ ತಿರುಗಿಸಿ ಕಟ್ಟಿ, ಅಷ್ಟೇ. ಹೊರಗೆ ಕಾಣದ ತುಂಬು ಕೆಲಸಕ್ಕೆ, ಅಡಿ ಹಲಗೆ ಥರದ ಬೇಸ್‌ಪ್ಲೇಟಿನ ಮೇಲಿನ ಆಧಾರಕ್ಕೆಲ್ಲಾ ತೀರಾ ಕೆಟ್ಟಿರೋ ಪೀಸುಗಳನ್ನ ಹಾಕಿ, ಅಲ್ಲಿ ಬಣ್ಣ ಯಾರೂ ಕೇಳಲ್ಲ.

ಹುಟ್ಟಿನಿಂದ ಬೇರೆ ಬಣ್ಣ ಇರೋ ಪೀಸುಗಳನ್ನ ಒಂದೇ ಗೋಡೇಲಿ ಹಾಕೋ ರೀತಿಯೇ ಬೇರೆ. ಕಣ್ಣಿಗೆ ಕುಕ್ಕೋದು ಅಲ್ಲೊಂದು ಇಲ್ಲೊಂದು ಬೇರೆ ಬಣ್ಣ ಇದ್ದಾಗ, ನೂರು ಹೊಸ ಪೀಸಿನ ಮಧ್ಯೆ ನಾಲ್ಕು ಹಳೇದಿದ್ರೆ ತಪ್ಪು ಅನ್ಸುತ್ತೆ, ನಲವತ್ತಿದ್ರೆ ಬೇಕಂತಲೇ ಮಾಡಿದ್ದು ಅನ್ಸುತ್ತೆ. ನನ್ನ ಕೋಟೆ ಬಿಚ್ಚಿ ಮತ್ತೆ ಕಟ್ಟಿದ್ದು ಹೀಗೇ: ಕೆಳಗಿನ ಮೂರು ಸಾಲು ಪೂರ್ತಿ ಹಳೇ ಡಾರ್ಕ್ ಗ್ರೇ, ಮಣ್ಣಿನ ತೇವ ಹತ್ತಿದ ಕಲ್ಲಿನ ಹಾಗೆ, ಅದರ ಮೇಲೆ ಎರಡು ಸಾಲಲ್ಲಿ ಹಳೇದು ಹೊಸದು ಬೆರೆಸಿ, ಮೇಲಕ್ಕೆ ಹೋದ ಹಾಗೆ ಹಳೇದು ಕಮ್ಮಿ ಮಾಡ್ತಾ ಹೋದೆ, ನಡುವೆ ಒಂದಷ್ಟು ಟ್ಯಾನ್ (ಮರಳು ಬಣ್ಣ) ಮತ್ತೆ ಸ್ಯಾಂಡ್ ಗ್ರೀನ್ (ಮಂಕು ಹಸಿರು) ತೆಳು ಪ್ಲೇಟು ಚದುರಿಸಿದೆ, ಮೂರನೇ ಬಣ್ಣ ಬಂದ ತಕ್ಷಣ ಕಣ್ಣು ಎರಡು ಗ್ರೇಗಳನ್ನ ಹೋಲಿಸೋದು ಬಿಟ್ಟುಬಿಡುತ್ತೆ. ಇಟ್ಟ ಹಳೇ ಗ್ರೇ ಕಲ್ಲಿನ ಹಾಗೇ ಕಂಡಿದ್ದು ನೋಡಿ ನಂಗಂತೂ ತುಂಬಾ ಖುಷಿ ಆಯ್ತು, ನಿಜವಾದ ಕಲ್ಲಿನ ಗೋಡೇಲಿ ಎರಡು ಕಲ್ಲು ಒಂದೇ ಬಣ್ಣ ಇರಲ್ವಲ್ಲ. ಹಡಗು, ಗಗನನೌಕೆ ಥರ ನುಣುಪಾದ ಮೈ ಇರೋ ಮಾಡೆಲಲ್ಲಿ ಮಾತ್ರ ಈ ಉಪಾಯ ನಡೆಯಲ್ಲ, ಅಲ್ಲಿ ಒಂದೇ ಕಾಲದ ಪೀಸು ಹಾಕಿ, ಇಲ್ಲಾ ಅಂದ್ರೆ ಎರಡು ಗ್ರೇ ಸೇರೋ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಕೊಡಿ.

ಪೀಸು ವಿಂಗಡಿಸಿ ಎತ್ತಿಡೋವಾಗ ಹಳೇ ಗ್ರೇ ಒಂದು ಡಬ್ಬ, ಹೊಸ ಗ್ರೇ ಒಂದು ಡಬ್ಬ, ಹಳದಿ ತಿರುಗಿದ್ದು ಇನ್ನೊಂದು, ಮೂರನ್ನೂ ಬಿಸಿಲು ಬೀಳದ ಕಪಾಟಲ್ಲಿಡಿ. ಪ್ರತಿ ಮುಚ್ಚಳದ ಮೇಲೆ ಅದರದ್ದೇ ಒಂದು ಪೀಸು ಟೇಪ್ ಹಾಕಿ ಅಂಟಿಸಿ, ಡೌಟ್ ಬಂದ್ರೆ ಹೆಸರು ಓದೋಕಿಂತ ಹಗಲು ಬೆಳಕಲ್ಲಿ ಆ ಪೀಸಿನ ಪಕ್ಕ ಹಿಡಿದು ನೋಡೋದೇ ಬೇಗ ಆಗುತ್ತೆ.