ಬಿಸ್ಕತ್ ಡಬ್ಬಿಗೆ ಬಿದ್ದ ಡೆಲ್ಟಾ ಸೆಫೈ

ಮೊದಲೇ ಹೇಳಿಬಿಡುತ್ತೇನೆ, ನಾವು ಹೊಸದೇನನ್ನೂ ಕಂಡುಹಿಡಿದಿಲ್ಲ. ಡೆಲ್ಟಾ ಸೆಫೈ ಅನ್ನುವ ನಕ್ಷತ್ರದ ಬೆಳಕು ಏರಿಳಿಯುತ್ತದೆ ಅಂತ 1784ರಲ್ಲೇ ಜಾನ್ ಗುಡ್ರಿಕ್ ನೋಡಿ ಬರೆದಿಟ್ಟಿದ್ದಾನೆ. ಆಗ ಅವನಿಗೆ 20 ವರ್ಷ, ಕಿವಿ ಬೇರೆ ಕೇಳಿಸುತ್ತಿರಲಿಲ್ಲ. ಆದರೆ ಮೈಸೂರಿನ ಕುವೆಂಪುನಗರದ ಟೆರೇಸ್ ಮೇಲೆ, ಪಕ್ಕದ ಮನೆಯವರ ಎಲ್‌ಇಡಿ ಬಲ್ಬು ಮುಖಕ್ಕೆ ಹೊಡೆಯುತ್ತಿರುವಾಗ, ಕೈಯಲ್ಲಿ ಬರೀ ಬೈನಾಕ್ಯುಲರ್ ಹಿಡಿದು ಅದರ ಕರ್ವ್, ಅಂದರೆ ಬೆಳಕಿನ ಏರಿಳಿತದ ಗ್ರಾಫ್, ತೆಗೆಯುತ್ತೇವೆ ಅಂದಾಗ ಆಕಾಶ ನೋಡುವ ನಮ್ಮ ಕ್ಲಬ್ಬಿನವರೇ ನಕ್ಕಿದ್ದರು. ಈಗ ಆ ಕರ್ವ್ ನಮ್ಮ ಮನೆ ಹಾಲ್‌ನಲ್ಲಿ, ಕ್ಯಾಲೆಂಡರ್ ಪಕ್ಕ ಅಂಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. 2019ರಲ್ಲಿ ಎಲ್ಲ ಕ್ಲಬ್ಬುಗಳು ಮಾಡುವ ತಪ್ಪನ್ನೇ ನಾವೂ ಮಾಡಿದೆವು. ದೊಡ್ಡ ಟೆಲಿಸ್ಕೋಪ್ ಬಂದರೆ ಜನ ಬರುತ್ತಾರೆ ಅಂದುಕೊಂಡೆವು. ತಲಾ ಒಂದೂವರೆ ಸಾವಿರದಂತೆ ಎತ್ತಿ, ಸಾಲದ್ದಕ್ಕೆ ನಾನು ಮತ್ತು ಇನ್ನೊಬ್ಬರು ಕೈಯಿಂದ ಹಾಕಿ, 8 ಇಂಚಿನ ಡಾಬ್ಸೋನಿಯನ್ ತರಿಸಿದೆವು. ಸಾಗಾಟ, ಐಪೀಸ್ ಎಲ್ಲ ಸೇರಿ 60 ಸಾವಿರದ ಮೇಲಾಯಿತು. ಜನ ಬಂದರು ಕೂಡ. ಆ ವರ್ಷ ಡಿಸೆಂಬರ್ 26ರ ಸೂರ್ಯಗ್ರಹಣಕ್ಕೆ ಟೆರೇಸ್ ತುಂಬಾ ಜನ, ಮೆಟ್ಟಿಲ ಮೇಲೂ ಕ್ಯೂ. ಮಾರನೇ ವಾರ ಮೀಟಿಂಗಿಗೆ ಐದು ಜನ. ಶನಿಯ ಉಂಗುರ ನೋಡಿ "ಅಬ್ಬಾ" ಅಂದವರು ಎರಡನೇ ಸಲ ಅದನ್ನೇ ನೋಡಲು ಯಾಕೆ ಬರುತ್ತಾರೆ ಹೇಳಿ? ಎರಡು ಮಳೆಗಾಲ ಅದು ಒಬ್ಬರ ಮನೆಯ ಮೆಟ್ಟಿಲ ಕೆಳಗಿತ್ತು. ಐಪೀಸಿಗೆ ಫಂಗಸ್ ಹಿಡಿಯಿತು, ಕನ್ನಡಿಯ ಮೇಲೆ ಜಿರಲೆ ಓಡಾಡಿದ ಗುರುತು. ಕೊನೆಗೆ 27 ಸಾವಿರಕ್ಕೋ 28 ಸಾವಿರಕ್ಕೋ ಮಾರಿದೆವು. ಆ ದುಡ್ಡಿನಲ್ಲಿ 10x50 ಬೈನಾಕ್ಯುಲರ್ ಮೂರು ಬಂದವು. ಅದರಲ್ಲೂ ಒಂದರಲ್ಲಿ ಪ್ರತಿ ನಕ್ಷತ್ರವೂ ಎರಡೆರಡಾಗಿ ಕಾಣುತ್ತಿತ್ತು. ಮಾರಿದವರು "ನಿಮ್ಮ ಕಣ್ಣು ತೋರಿಸ್ಕೊಳ್ಳಿ ಸಾರ್" ಅಂದುಬಿಟ್ಟರು. ಅದು ಈಗಲೂ ಮೊಮ್ಮಕ್ಕಳ ಆಟದ ಸಾಮಾನು.

ವೇರಿಯಬಲ್, ಅಂದರೆ ಬೆಳಕು ಬದಲಾಗುವ ನಕ್ಷತ್ರಗಳ, ಹುಚ್ಚು ಹತ್ತಿದ್ದು ಆ ಟೆಲಿಸ್ಕೋಪಿನಿಂದ ಅಲ್ಲ, ಆರಿದ್ರೆಯಿಂದ, ಇಂಗ್ಲಿಷಿನಲ್ಲಿ ಬೀಟಲ್‌ಜೂಸ್. 2019ರ ಕೊನೆಯಲ್ಲಿ ಬೀಟಲ್‌ಜೂಸ್ ಮಂಕಾಗುತ್ತಾ ಹೋಯಿತಲ್ಲ, ಅದನ್ನು ನೋಡಲು ಯಾವ ಸಾಮಾನೂ ಬೇಕಿರಲಿಲ್ಲ. ಒಂದು ಕಡೆ ರೋಹಿಣಿ, ಇನ್ನೊಂದು ಕಡೆ ಬೆಲ್ಲಾಟ್ರಿಕ್ಸ್, ಬೆಳಕಿನಲ್ಲಿ ಈ ಎರಡು ನಕ್ಷತ್ರಗಳ ನಡುವೆ ಇದು ಎಲ್ಲಿದೆ ಅಂತ ನೋಡಿದರೆ ಆಯಿತು. 2020ರ ಫೆಬ್ರವರಿ ಹೊತ್ತಿಗೆ ಅದು ಬೆಲ್ಲಾಟ್ರಿಕ್ಸ್ ಸಮಕ್ಕೆ ಇಳಿದಿತ್ತು, ಕಾಂತಿಮಾನ 1.6 ಆಸುಪಾಸು (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಪಾಂಡವಪುರ ತಾಲ್ಲೂಕಿನಲ್ಲಿ ನಮ್ಮ ಸ್ನೇಹಿತರೊಬ್ಬರ ಹೊಲವಿದೆ, ಅಮಾವಾಸ್ಯೆ ಆಸುಪಾಸಿನ ಶನಿವಾರ ಅಲ್ಲಿಗೆ ಹೋಗುತ್ತೇವೆ. ಅಲ್ಲಿ ನೀರು ಕಟ್ಟಲು ಬಂದ ಅಜ್ಜ ಒಬ್ಬರು "ಏನ್ ನೋಡ್ತಿದ್ದೀರಪ್ಪ?" ಅಂದರು. ಆರಿದ್ರಾ ನಕ್ಷತ್ರ ಮಂಕಾಗಿದೆ ಅಂದೆವು. ಅಜ್ಜ ಸ್ವಲ್ಪ ಹೊತ್ತು ತಲೆ ಎತ್ತಿ ನಿಂತರು. "ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರ. ಇದೇನಾ ಅದು? ಇಷ್ಟು ವರ್ಸ ಮಳೆ ಹೆಸ್ರು ಗೊತ್ತಿತ್ತು, ಮುಖ ಗೊತ್ತಿರ್ಲಿಲ್ಲ" ಅಂದರು. ಆ ಚಳಿಗಾಲ ಪೂರ್ತಿ ಜನ ತಾವಾಗಿಯೇ ಟೆರೇಸ್ ಹತ್ತಿದರು. ನಾನು ಯಾರಿಗೂ ಫೋನ್ ಮಾಡಲಿಲ್ಲ.

ಆಮೇಲೆ ಲಾಕ್‌ಡೌನ್. ಎಲ್ಲರೂ ಅವರವರ ಟೆರೇಸಿನಲ್ಲೇ ಇದ್ದರು. ಇದೇ ಸರಿಯಾದ ಸಮಯ ಅಂತ 2020ರ ನವೆಂಬರಿನಲ್ಲಿ ಡೆಲ್ಟಾ ಸೆಫೈ ಶುರು ಮಾಡಿದೆವು. ಅದನ್ನೇ ಯಾಕೆ ಹಿಡಿದೆವು ಅಂದರೆ, ಹೋಲಿಕೆಗೆ ಬೇಕಾದ ಜೀಟಾ ನಕ್ಷತ್ರ 3.4, ಎಪ್ಸಿಲಾನ್ ನಕ್ಷತ್ರ 4.2, ಎರಡೂ ಪಕ್ಕದಲ್ಲೇ ಕೂತಿವೆ. ಮೂರೂ 10x50ಯ ಒಂದೇ ನೋಟದಲ್ಲಿ ಬರುತ್ತವೆ. ಚಾರ್ಟ್ ತಿರುಗಿಸುವ ಗೋಳಿಲ್ಲ. ಉತ್ತರಕ್ಕೆ ಹೆಚ್ಚೆಂದರೆ 44 ಡಿಗ್ರಿ ಎತ್ತರ, ಕತ್ತೂ ನೋಯಲ್ಲ.

ಮೊದಲ ಸೀಸನ್ ಪೂರ್ತಿ ಹಾಳು. ಎಲ್ಲರೂ ವಾಟ್ಸಾಪಿನಲ್ಲಿ ಅಂದಾಜು ಹಾಕುತ್ತಿದ್ದೆವು. ಏಳೂವರೆಗೆ ಒಬ್ಬರು "3.8" ಅಂತ ಹಾಕಿದರೆ ಎಂಟು ಗಂಟೆಯೊಳಗೆ ಎಲ್ಲರದ್ದೂ 3.8. ಒಬ್ಬರಂತೂ ಮೋಡ ಇದ್ದ ದಿನವೂ 3.8 ಹಾಕಿದ್ದರು! ಕ್ಲಬ್ಬಿನಲ್ಲಿ ರಿಟೈರ್ ಆದ ಫಿಸಿಕ್ಸ್ ಮೇಷ್ಟ್ರೊಬ್ಬರಿದ್ದಾರೆ. ಅವರು ಒಂದೇ ಮಾತು ಹೇಳಿದರು: "ಇದು ಅಬ್ಸರ್ವೇಶನ್ ಅಲ್ಲ ಕಣಯ್ಯ, ಭಜನೆ. ಒಬ್ಬ ಹೇಳ್ತಾನೆ, ಮಿಕ್ಕೋರು ಹಿಮ್ಮೇಳ." ಜೊತೆಗೆ ಇನ್ನೊಂದು ಸೇರಿಸಿದರು. ಉತ್ತರ ಪುಸ್ತಕದಲ್ಲಿದೆ, ಅದನ್ನು ನೋಡಿಕೊಂಡು ನೀವು ಕರ್ವ್ ಕೂರಿಸುತ್ತೀರಿ ಅಂತ. ಉರಿಯಿತು. ಆದರೆ ಮಾತು ಸರಿಯಿತ್ತು.

ಹಾಗೆ ಹುಟ್ಟಿದ್ದು ಡಬ್ಬಿ. ಹಳೇ ಬಿಸ್ಕತ್ ಡಬ್ಬಿ, ಮುಚ್ಚಳದಲ್ಲಿ ಹುಂಡಿಯ ಥರ ಸೀಳು, ಸುತ್ತ ಸೆಲ್ಲೋಟೇಪ್. ನೋಡಿದ ತಕ್ಷಣ ಚೀಟಿಯಲ್ಲಿ ಸಮಯ ಮತ್ತು ಅಂದಾಜು ಬರೆದು ಮಡಚಬೇಕು. ಯಾರಿಗೂ ಹೇಳುವಂತಿಲ್ಲ, ಗಂಡ ಹೆಂಡತಿ ಕೂಡ ಒಬ್ಬರಿಗೊಬ್ಬರು ಹೇಳುವಂತಿಲ್ಲ. ಭಾನುವಾರ ನಮ್ಮ ಮನೆಗೆ ಬಂದು ಡಬ್ಬಿಗೆ ಹಾಕಬೇಕು, ಕಾಫಿ ಕುಡಿದು ಹೋಗಬೇಕು. ತಿಂಗಳ ಕೊನೆಗೆ ಡಬ್ಬಿ ಒಡೆಯುವುದು ಪಿಯುಸಿ ಓದುವ ಹುಡುಗಿ ಒಬ್ಬಳು. ಅವಳಿಗೆ ಒಂದು ಏರಿಳಿತದ ಅವಧಿ ಎಷ್ಟು ದಿನ ಅಂತ ನಾವು ಹೇಳಿರಲಿಲ್ಲ, ಹುಡುಕಲ್ಲ ಅಂತ ಅವಳೂ ಮಾತು ಕೊಟ್ಟಿದ್ದಳು. ಚೀಟಿಯಲ್ಲಿ ಮೂರನೇ ಕಾಲಂ ಒಂದಿದೆ. ಅದೇನು ಅಂತ ಇಲ್ಲಿ ಬರೆಯಲ್ಲ. ಕಾಫಿಗೆ ಬಂದವರಿಗೆ ಹೇಳುತ್ತೇನೆ.

ಡಬ್ಬಿ ಬಂದ ಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 2021ರ ನವೆಂಬರ್ ನೆನಪಿದೆಯಲ್ಲ, ಬಿಡದೆ ಸುರಿಯಿತು. ಆ ಸೀಸನ್ ಪೂರ್ತಿ ಸೇರಿ 40 ಚೀಟಿ ಬಂದಿದ್ದರೆ ಹೆಚ್ಚು, ಅದರಲ್ಲಿ ಕಾಲು ಭಾಗದಲ್ಲಿ "ಮೋಡ" ಅಂತ ಮಾತ್ರ ಬರೆದಿತ್ತು. ಅದಕ್ಕಿಂತ ಮುಂಚೆ ದಸರಾ. ಮಳೆ ಬಿಟ್ಟು ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಸರಿಯಾಗಿ ಅದೇ ಹತ್ತು ದಿನ ಊರು ತುಂಬಾ ದೀಪ. ಬರೀ ಅರಮನೆಯದೇ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ದಸರಾ ಬಗ್ಗೆ ಗೊಣಗುವ ಮೈಸೂರಿಗರು ನಾವೊಬ್ಬರೇ ಇರಬೇಕು. ಹಟಕ್ಕೆ ಒಂದು ಪ್ರಯೋಗವನ್ನೂ ಮಾಡಿದೆವು, ಪೆಗಾಸಸ್ ಚೌಕ ಅನ್ನುವ ನಾಲ್ಕು ನಕ್ಷತ್ರಗಳ ಚೌಕದೊಳಗೆ ಬರಿಗಣ್ಣಿಗೆ ಎಷ್ಟು ನಕ್ಷತ್ರ ಅಂತ ಎಣಿಸುವುದು. ಪಾಂಡವಪುರದ ಹೊಲದಲ್ಲಿ ನನಗೆ 9, ಹುಡುಗಿಗೆ 12. ಕುವೆಂಪುನಗರದಲ್ಲಿ ಒಳ್ಳೆಯ ದಿನ 2. ದಸರೆಯಲ್ಲಿ ಸೊನ್ನೆ. ಹೊಲವೂ ಸ್ವರ್ಗವೇನಲ್ಲ, ಆಲೆಮನೆ ಶುರುವಾದರೆ ದಿಗಂತದಿಂದ 20 ಡಿಗ್ರಿವರೆಗೆ ಹೊಗೆ. ಬೆಲ್ಲದ ವಾಸನೆ ಮಾತ್ರ ಚೆನ್ನಾಗಿರುತ್ತದೆ.

ಇನ್ನು ತಾರೀಕಿನ ಗೋಳು. ರಾತ್ರಿ ಹನ್ನೆರಡು ದಾಟಿದ ಮೇಲೆ ನೋಡಿದವರು ಕೆಲವರು ಹಿಂದಿನ ದಿನದ ತಾರೀಕು ಹಾಕುತ್ತಿದ್ದರು, ಕೆಲವರು ಮಾರನೇ ದಿನದ್ದು. ಐದೂ ಚಿಲ್ಲರೆ ದಿನದ ಅವಧಿಯಲ್ಲಿ ಒಂದು ದಿನ ಆಚೀಚೆ ಆದರೆ ಏನುಳಿಯುತ್ತದೆ? ಕರ್ವ್ ಬೋಂಡಾ ಥರ ಉಂಡೆಯಾಗಿ ಬಂತು. ತಿಂಗಳು, ವರ್ಷ ಬಿಟ್ಟು ದಿನಗಳನ್ನು ಒಂದೇ ಸಮನೆ ಎಣಿಸುವ ಜೂಲಿಯನ್ ದಿನ ಅಂದರೆ ಜನ ಹೆದರುತ್ತಾರೆ, ನಾನೂ ಹೆದರಿದ್ದೆ. ಆದರೆ ಅದು ಬದಲಾಗುವುದು ನಮ್ಮ ಸಂಜೆ ಐದೂವರೆಗೆ. ಅಂದರೆ ನಮ್ಮ ಇಡೀ ರಾತ್ರಿ ಒಂದೇ ನಂಬರಿನೊಳಗೆ ಕೂರುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯವರಿಗೂ ಈ ಸುಖ ಇಲ್ಲ, ಅವರಿಗೆ ಬೆಳಗಿನ ಜಾವ ನಂಬರ್ ಬದಲಾಗುತ್ತದೆ. ಸೀಸನ್ ಶುರುವಿನಲ್ಲಿ ಪ್ರತಿ ಮನೆಯ ಕ್ಯಾಲೆಂಡರಿನಲ್ಲಿ ಆ ನಂಬರಿನ ಕೊನೆಯ ಮೂರು ಅಂಕೆ ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಗೋಳು ಅಲ್ಲಿಗೆ ಮುಗಿಯಿತು.

ಆಲ್ಗಾಲ್ ಅನ್ನುವ ಇನ್ನೊಂದು ವೇರಿಯಬಲ್ ನಕ್ಷತ್ರದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡೆಲ್ಟಾ ಸೆಫೈ ಬೇಜಾರಾದವರಿಗೆ ಅಂತ ಇಟ್ಟಿದ್ದು. ಒಂದೇ ರಾತ್ರಿಯಲ್ಲಿ 2.1ರಿಂದ 3.4ಕ್ಕೆ ಬಿದ್ದು ಮತ್ತೆ ಏಳುತ್ತದೆ, ಹೊಸಬರಿಗೆ ಸಿನಿಮಾ ನೋಡಿದ ಹಾಗೆ. ಮೊದಲ ಸಲ ಹೊಲದಲ್ಲಿ ರಾತ್ರಿಯೆಲ್ಲ ಮಂಕಿ ಟೋಪಿ ಹಾಕಿಕೊಂಡು ಕೂತು ಕಾಲು ಗಂಟೆಗೊಂದು ಅಂದಾಜು ತೆಗೆದೆವು. ಕಬ್ಬಿನ ಗದ್ದೆ ಕಡೆ ಏನೋ ಸದ್ದಾಯಿತು, ಚಿರತೆ ಅಂತ ಎಲ್ಲರೂ ಕಾರಿನೊಳಗೆ ಹೋಗಿ ಅರ್ಧ ಗಂಟೆ ಕೂತೆವು. ನಾಯಿ ಬಂತು. ಆಲ್ಗಾಲ್ ತೀರಾ ಮಂಕಾಗಿದ್ದು ಸರಿಯಾಗಿ ಆ ಅರ್ಧ ಗಂಟೆಯಲ್ಲೇ. ಅದಿರಲಿ, ಅಸಲಿ ತಪ್ಪು ಬೇರೆ. ಪಕ್ಕದಲ್ಲೇ ಕೈಗೆ ಸಿಗುತ್ತದೆ ಅಂತ ರೋ ಪರ್ಸಿ ಅನ್ನುವ ನಕ್ಷತ್ರವನ್ನು ಹೋಲಿಕೆಗೆ ಇಟ್ಟುಕೊಂಡಿದ್ದೆವು. ಅದೂ ವೇರಿಯಬಲ್ಲೇ! 3.3ರಿಂದ 4ರವರೆಗೆ ತಾನೇ ಓಲಾಡುತ್ತದೆ. ಅಳೆಯುವ ಕೋಲೇ ಉದ್ದ ಗಿಡ್ಡ ಆಗುತ್ತಿದ್ದರೆ ಬಟ್ಟೆ ಅಳೆಯೋದು ಹೇಗೆ? ಮುಂದಿನ ವರ್ಷ ಎಪ್ಸಿಲಾನ್, ಡೆಲ್ಟಾ, ಕಪ್ಪಾ ಪರ್ಸಿ ಇಟ್ಟುಕೊಂಡೆವು. ಆಗ ಅದು ತೀರಾ ಮಂಕಾಗಿ ನಮಗೆ ಕಂಡ ಹೊತ್ತಿಗೂ ಲೆಕ್ಕದ ಹೊತ್ತಿಗೂ ಸುಮಾರು 12 ನಿಮಿಷ ವ್ಯತ್ಯಾಸ ಬಂತು.

2022-23, 2023-24, ಈ ಎರಡು ಸೀಸನ್ ಕೈ ಹಿಡಿದವು. 14 ಜನ ಶುರು ಮಾಡಿ 9 ಜನ ಉಳಿದರು. ಎರಡೂ ಸೇರಿ 420ರ ಹತ್ತಿರ ಚೀಟಿ, 60 ಕಸದ ಬುಟ್ಟಿಗೆ. ಬ್ಯಾಂಕಿನಿಂದ ರಿಟೈರ್ ಆದ ಒಬ್ಬರು ಯಾವಾಗಲೂ 0.2 ಪ್ರಕಾಶ ಜಾಸ್ತಿ ಕೊಡುತ್ತಾರೆ, ಅವರ ಹೆಂಡತಿ 0.1 ಕಮ್ಮಿ. ಯಾವಾಗಲೂ ಒಂದೇ ಥರ ತಪ್ಪು ಮಾಡುವವರು ಈ ಕೆಲಸಕ್ಕೆ ಬಂಗಾರ, ಆ 0.2 ಕಳೆದರೆ ಆಯಿತು. ಒಂದು ದಿನ ಹಾಗೆ, ಒಂದು ದಿನ ಹೀಗೆ ಮಾಡುವವರೇ ಕಷ್ಟ. ಜೀಟಾ ಸ್ವಲ್ಪ ಕಿತ್ತಳೆ ಬಣ್ಣ ಬೇರೆ, ದಿಟ್ಟಿಸಿ ನೋಡಿದಷ್ಟೂ ಅದು ಬೆಳಗಿದ ಹಾಗೆ ಅನಿಸುತ್ತದೆ. ಹಾಗಾಗಿ ಕಣ್ಣು ಹಾಯಿಸು, ತೆಗಿ, ಬರಿ. ಹತ್ತು ಸೆಕೆಂಡ್ ಮೀರಬಾರದು. ಬೈನಾಕ್ಯುಲರ್ ನಡುಗದಿರಲು ಟ್ರೈಪಾಡ್ ತರಲಿಲ್ಲ, ನೆಲ ಒರೆಸುವ ಕೋಲಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದೆವು. ಖರ್ಚು 80 ರೂಪಾಯಿ.

ಹುಡುಗಿ ಕಂಪ್ಯೂಟರ್ ಮುಟ್ಟಲಿಲ್ಲ. ಎಲ್ಲ ಚುಕ್ಕಿಗಳನ್ನೂ ಉದ್ದನೆಯ ಗ್ರಾಫ್ ಹಾಳೆಯ ಮೇಲೆ ಹಾಕಿ, ಬಟರ್ ಪೇಪರಿಗೆ ಇಳಿಸಿ, ಪಟ್ಟಿಗಳಾಗಿ ಕತ್ತರಿಸಿದಳು. 5 ದಿನದ ಪಟ್ಟಿ, 5.2, 5.4, ಹೀಗೆ. ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. 5ಕ್ಕೆ ಬರೀ ಇರುವೆ ಸಾಲು ಚದುರಿದ ಹಾಗೆ. 5.4ಕ್ಕೆ ಏನೋ ಆಕಾರ. 5.37ಕ್ಕೆ ಎಲ್ಲ ಚುಕ್ಕಿಗಳೂ ಒಂದು ಗೆರೆಗೆ ಬಂದು ಕೂತವು. ಒಂದೂವರೆ ದಿನದಲ್ಲಿ ಸರ್ರನೆ ಏರುತ್ತದೆ, ಸುಮಾರು ನಾಲ್ಕು ದಿನ ನಿಧಾನಕ್ಕೆ ಇಳಿಯುತ್ತದೆ. 3.6ರಿಂದ 4.3. ಪುಸ್ತಕದಲ್ಲಿರುವುದು 5.366 ದಿನ ಅಂತ ಆಗ ಹೇಳಿದೆ. ಅವಳು "ಅಷ್ಟೇನಾ?" ಅಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೇಷ್ಟ್ರನ್ನು ಕರೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ಐದು ನಿಮಿಷ ನೋಡಿದರು. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ. "ಈ ಎರಡು ಚುಕ್ಕಿ ಯಾರದಯ್ಯ, ಮೆರವಣಿಗೆ ಬಿಟ್ಟು ಹೊರಗೆ ನಿಂತಿವೆ?" ಅಂದರು. ಹುಡುಗಿ ಚೀಟಿ ತೆಗೆದು ನೋಡಿದಳು. ಎರಡೂ ನನ್ನವೇ.

ಫೋನ್ ಕ್ಯಾಮೆರಾವನ್ನು ಬೈನಾಕ್ಯುಲರಿಗೆ ಹಚ್ಚಿ, ಫೋಕಸ್ ಕೆಡಿಸಿ ಫೋಟೊ ತೆಗೆದು ಅಳೆಯುವ ಪ್ರಯತ್ನವೂ ಆಯಿತು. ಫೋನು ತಾನೇ ಬೆಳಕು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತದೆ, ಮೂರು ವಾರ ದಂಡ. ಕೊರೋನಾ ಬೊರಿಯಾಲಿಸ್‌ನ ಟಿ ನಕ್ಷತ್ರ 1866ರಲ್ಲಿ, 1946ರಲ್ಲಿ ಇದ್ದಕ್ಕಿದ್ದ ಹಾಗೆ ಹೊತ್ತಿಕೊಂಡು ಬೆಳಗಿತ್ತಲ್ಲ, ಮತ್ತೆ ಹೊತ್ತಿಕೊಂಡರೆ ನಮ್ಮ ಟೆರೇಸಿನಲ್ಲೇ ಮೊದಲು ಕಾಣಲಿ ಅಂತ ಒಬ್ಬರು ಬೇಸಿಗೆ ಪೂರ್ತಿ ಅದನ್ನು ಕಾದರು. ಅವರ ಚೀಟಿಗಳಲ್ಲೆಲ್ಲ ಒಂದೇ ಪದ: "ಇಲ್ಲ". ಅವನ್ನೂ ಎಸೆದಿಲ್ಲ.

ಮುಂದಿನದು ಮಿಥುನ ರಾಶಿಯ ಜೀಟಾ ಜೆಮಿನೋರಮ್ ನಕ್ಷತ್ರ. 10.15 ದಿನದ್ದು, 3.6ರಿಂದ 4.2, ಏರಿಳಿತ ಕಮ್ಮಿ, ಹಾಗಾಗಿ 0.2 ಜಾಸ್ತಿ ಕೊಡುವವರ ಬಂಡವಾಳ ಬೇಗ ಬಯಲಾಗುತ್ತದೆ. ಮೈಸೂರಿನಲ್ಲಿ ಅದು ನೆತ್ತಿ ಮೇಲೆ ಬರುತ್ತದೆ, ನೆಲ ಒರೆಸುವ ಕೋಲು ಕೆಲಸಕ್ಕೆ ಬರಲ್ಲ. ಆರಾಮ ಕುರ್ಚಿ ಬೇಕು. ಹಳೆಯದು ಇದ್ದವರು ಭಾನುವಾರ ಡಬ್ಬಿಗೆ ಚೀಟಿ ಹಾಕಲು ಬರುವಾಗ ತಂದುಬಿಡಿ, ಬಟ್ಟೆ ಹರಿದಿದ್ದರೂ ಪರವಾಗಿಲ್ಲ.