ಓಪನ್‌ಸಿವಿ ಬಳಸ್ತೀರಾ? ಲೈಸೆನ್ಸ್ ಜೊತೆ ಪೇಟೆಂಟ್ ಕೂಡ ನೋಡಿಕೊಳ್ಳಿ

ಹೊಸ ಇಮೇಜ್ ಪ್ರೊಸೆಸಿಂಗ್ ಲೈಬ್ರರಿ ಸಿಕ್ಕರೆ ಎಲ್ಲರೂ ಮೊದಲು ನೋಡುವುದು ಲೈಸೆನ್ಸ್ ಫೈಲ್. ಹೆಚ್ಚು ಷರತ್ತಿಲ್ಲದ ಬಿಎಸ್‌ಡಿ ಇದ್ದರೆ ಖುಷಿ, ಹಂಚುವಾಗ ಮೂಲ ಕೋಡನ್ನೂ ಕೊಡಿ ಅನ್ನುವ ಜಿಪಿಎಲ್ ಇದ್ದರೆ ಸ್ವಲ್ಪ ಯೋಚನೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಲೈಸೆನ್ಸ್ ಅಂದರೆ ಕೋಡ್ ಬರೆದವರು ಕೊಟ್ಟ ಅನುಮತಿ ಮಾತ್ರ. ಆ ಕೋಡ್ ಬಳಸುವ ವಿಧಾನಕ್ಕೆ ಬೇರೆ ಯಾರೋ ಪೇಟೆಂಟ್ ಮಾಡಿಸಿಟ್ಟಿದ್ದರೆ ಅವರ ಮುಂದೆ ಈ ಅನುಮತಿ ನಡೆಯಲ್ಲ. ಯಾರದನ್ನೂ ನಕಲು ಮಾಡದೆ ನೀವೇ ಕೂತು ಪ್ರತಿ ಸಾಲು ಬರೆದರೂ ಅಷ್ಟೇ.

ಇದಕ್ಕೆ ಸಿಫ್ಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡು ಫೋಟೋಗಳಲ್ಲಿ ಒಂದೇ ಜಾಗದ ಬಿಂದುಗಳನ್ನು ಹುಡುಕಿ ಹೊಂದಿಸುವ ಅಲ್ಗಾರಿದಮ್ ಅದು. ಡೇವಿಡ್ ಲೋವ್ ಅದನ್ನು 1999ರಲ್ಲಿ ಪ್ರಕಟಿಸಿದರು. ಅವರಿದ್ದ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಇಮೇಜ್ ಪ್ರೊಸೆಸಿಂಗ್‌ನ ಜನಪ್ರಿಯ ಲೈಬ್ರರಿ ಓಪನ್‌ಸಿವಿಯ ಲೈಸೆನ್ಸ್ ಆಗ ಬಿಎಸ್‌ಡಿ, ಅಂದರೆ ಮಾರುವ ಸಾಫ್ಟ್‌ವೇರ್‌ನಲ್ಲೂ ಧಾರಾಳವಾಗಿ ಬಳಸಬಹುದು. ಆದರೂ ಸಿಫ್ಟ್ ಮತ್ತು ಅಂಥದ್ದೇ ಕೆಲಸ ಮಾಡುವ ಸರ್ಫ್ ಎರಡನ್ನೂ ಓಪನ್‌ಸಿವಿ ತಂಡದವರು 'ನಾನ್‌ಫ್ರೀ' ಅನ್ನುವ ಬೇರೆ ಮಾಡ್ಯೂಲ್‌ಗೆ ಹಾಕಿದರು, 3.0 ಆವೃತ್ತಿಯಲ್ಲಿ ಹೆಚ್ಚುವರಿ ಮಾಡ್ಯೂಲ್‌ಗಳ ಕಾಂಟ್ರಿಬ್ ರೆಪೊಸಿಟರಿಗೆ ಸಾಗಿಸಿದರು. ಪೈಥಾನ್‌ನ ಪಿಪ್‌ನಲ್ಲಿ ಹಾಕಿಕೊಂಡವರಿಗೆ 'ಈ ಅಲ್ಗಾರಿದಮ್‌ಗೆ ಪೇಟೆಂಟ್ ಇದೆ, ನಾನ್‌ಫ್ರೀ ಆಯ್ಕೆ ಆನ್ ಮಾಡಿ ಮತ್ತೆ ಬಿಲ್ಡ್ ಮಾಡಿ' ಅನ್ನುವ ಎರರ್ ಬರುತ್ತಿತ್ತಲ್ಲ, ಅದು ಬಗ್ ಆಗಿರಲಿಲ್ಲ.

ಹಾಗಾಗಿ ಮೊದಲ ಕೆಲಸ ಸುಲಭ: ಲೈಬ್ರರಿ ಬರೆದವರೇ ಇಟ್ಟಿರುವ ಗುರುತು ಹುಡುಕಿ. ನಾನ್‌ಫ್ರೀ, ಪೇಟೆಂಟೆಡ್ ಅನ್ನುವ ಹೆಸರಿನ ಫೋಲ್ಡರ್ ಇದೆಯಾ, ಬಿಲ್ಡ್ ಮಾಡುವಾಗ ಡೀಫಾಲ್ಟ್ ಆಗಿ ಆಫ್ ಇರುವ ಆಯ್ಕೆಗಳು ಯಾವುವು, ರೀಡ್‌ಮಿಯಲ್ಲಿ ಏನು ಬರೆದಿದ್ದಾರೆ, ಇಷ್ಟು ನೋಡಿ. ಲಿನಕ್ಸ್ ಡಿಸ್ಟ್ರೋಗಳು ಏನನ್ನು ಬಿಟ್ಟಿವೆ ಅನ್ನುವುದೂ ಒಳ್ಳೆಯ ಸುಳಿವು. ಫೆಡೊರಾ ಡಿಸ್ಟ್ರೋ ಕೊಡುವ ಲಿಬ್‌ಹೈಫ್ ಲೈಬ್ರರಿಯಲ್ಲಿ ಐಫೋನ್‌ನ ಹೈಕ್ (HEIC) ಫೋಟೋ ತೆರೆಯಲ್ಲ, ಅದಕ್ಕೆ ಬೇಕಾದ ಭಾಗವನ್ನು ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ರೆಪೊಸಿಟರಿಯಿಂದ ತಂದುಕೊಳ್ಳಬೇಕು. ಹೈಕ್ ಒಳಗಿರುವುದು ಎಚ್‌ಇವಿಸಿ ವಿಡಿಯೋ ಕೋಡೆಕ್, ಅದರ ಪೇಟೆಂಟ್‌ಗಳು ಒಂದಕ್ಕಿಂತ ಜಾಸ್ತಿ ಪೂಲ್‌ಗಳಲ್ಲಿ (ಹಲವು ಮಾಲೀಕರ ಪೇಟೆಂಟ್‌ಗಳಿಗೆ ಒಟ್ಟಿಗೆ ಲೈಸೆನ್ಸ್ ಕೊಡುವ ಗುಂಪುಗಳಲ್ಲಿ) ಹಂಚಿಹೋಗಿವೆ. ನಿಮ್ಮ ಆ್ಯಪ್‌ಗೆ ಹೊಸ ಫಾರ್ಮ್ಯಾಟ್ ನೀವೇ ಆರಿಸುವ ಹಾಗಿದ್ದರೆ ಸುಮ್ನೆ ಏವಿಫ್ (AVIF) ಅಥವಾ ವೆಬ್‌ಪಿ (WebP) ತೆಗೆದುಕೊಳ್ಳಿ. ರಾಯಲ್ಟಿ ಬೇಡ ಅಂತ ಅವುಗಳನ್ನು ಮಾಡಿದವರೇ ಬರೆದುಕೊಟ್ಟಿದ್ದಾರೆ.

ಆಮೇಲೆ ತಾರೀಖು. ಇಲ್ಲೇ ಜಾಸ್ತಿ ಜನ ಎಡವುವುದು. ಪೇಟೆಂಟ್ ಆಯಸ್ಸು ಸಾಮಾನ್ಯವಾಗಿ 20 ವರ್ಷ, ಆದರೆ ಎಣಿಸಬೇಕಾದ್ದು ಅರ್ಜಿ ಹಾಕಿದ ದಿನದಿಂದ, ಮಂಜೂರಾದ ದಿನದಿಂದ ಅಲ್ಲ. ಸಿಫ್ಟ್ ಪೇಟೆಂಟ್ ಮಂಜೂರಾಗಿದ್ದು 2004ರ ಮಾರ್ಚ್‌ನಲ್ಲಿ. ಅದನ್ನು ಹಿಡಿದು ಲೆಕ್ಕ ಹಾಕಿದರೆ 2024 ಬರುತ್ತದೆ, ಅದು ತಪ್ಪು. ಪೂರ್ಣ ಅರ್ಜಿ ಹಾಕಿದ್ದು 2000ದ ಮಾರ್ಚ್‌ನಲ್ಲಿ, ಮುಗಿದಿದ್ದು 2020ರ ಮಾರ್ಚ್‌ನಲ್ಲಿ. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಸಿವಿ 4.4ರಲ್ಲಿ ಸಿಫ್ಟ್ ಮುಖ್ಯ ಲೈಬ್ರರಿಗೆ ವಾಪಸ್ ಬಂತು. ಇವತ್ತು ಅದನ್ನು ಧೈರ್ಯವಾಗಿ ಬಳಸಿ. ಹಳೆಯ ಬ್ಲಾಗ್ ಓದಿ 'ಸಿಫ್ಟ್ ಮುಟ್ಟಬೇಡಿ' ಅನ್ನುವವರು ಈಗಲೂ ಸಿಗುತ್ತಾರೆ, ಬಿಟ್ಟುಬಿಡಿ. ಸರ್ಫ್ ಮಾತ್ರ ಓಪನ್‌ಸಿವಿ 4ರಲ್ಲೂ ನಾನ್‌ಫ್ರೀ ಗುಂಪಿನಲ್ಲೇ ಇದೆ. ಅದರ ಜಾಗದಲ್ಲಿ ಅದೇ ಕೆಲಸ ಮಾಡುವ ಓಆರ್‌ಬಿ (ORB) ಅಥವಾ ಅಕೇಜ್ (AKAZE) ಅಲ್ಗಾರಿದಮ್ ಸಾಕು. ಓಆರ್‌ಬಿಯನ್ನು 2011ರಲ್ಲಿ ವಿಲ್ಲೋ ಗ್ಯಾರೇಜ್ ಅನ್ನುವ ರೋಬೋಟ್ ಸಂಶೋಧನಾ ಸಂಸ್ಥೆಯವರು ಹೊರತಂದಾಗ ಸಿಫ್ಟ್, ಸರ್ಫ್‌ಗೆ ಪೇಟೆಂಟ್ ತಲೆನೋವಿಲ್ಲದ ಬದಲಿ ಬೇಕು ಅನ್ನುವುದೂ ಒಂದು ಕಾರಣವಾಗಿತ್ತು. ವೇಗವೂ ಜಾಸ್ತಿ, ಹಾಗಾಗಿ ಮೊಬೈಲ್ ಆ್ಯಪ್‌ಗೆ ನಾನಾದರೆ ಮೊದಲು ಅದನ್ನೇ ಪ್ರಯತ್ನಿಸುತ್ತೇನೆ.

ತಾರೀಖು ನೋಡಲು ಗೂಗಲ್ ಪೇಟೆಂಟ್ಸ್ ಸಾಕು. ಸಂಖ್ಯೆ ಹಾಕಿದರೆ ಅವಧಿ ಮುಗಿದಿದೆಯಾ ಅಂತ ಮೇಲೇ ತೋರಿಸುತ್ತದೆ, ಆದರೂ ಅದು ಅಂದಾಜು, ಕೊನೆಯ ಮಾತಲ್ಲ. ಓದುವುದಾದರೆ ಸಾರಾಂಶ ಬಿಟ್ಟು ಕ್ಲೇಮ್ಸ್ ಓದಿ, ಹಕ್ಕು ಇರುವುದು ಅಷ್ಟಕ್ಕೆ ಮಾತ್ರ. ಒಂದು ಎಚ್ಚರಿಕೆ: ಅಮೆರಿಕದಲ್ಲಿ ಗೊತ್ತಿದ್ದೂ ಬಳಸಿದ್ದಾರೆ ಅಂತ ಸಾಬೀತಾದರೆ ಪರಿಹಾರದ ಮೊತ್ತ ಮೂರು ಪಟ್ಟಿನವರೆಗೆ ಏರಬಹುದು. ಅದಕ್ಕೇ ಕೆಲವು ಕಂಪನಿಗಳಲ್ಲಿ ಎಂಜಿನಿಯರ್‌ಗಳಿಗೆ 'ಪೇಟೆಂಟ್ ಹುಡುಕೋಕೆ ಹೋಗಬೇಡಿ' ಅಂತಲೇ ಹೇಳಿರುತ್ತಾರೆ. ವಿಚಿತ್ರ ಅಲ್ವಾ? ನಿಮ್ಮ ಕಂಪನಿಯಲ್ಲಿ ಲೀಗಲ್ ಟೀಮ್ ಇದ್ದರೆ ಹುಡುಕುವ ಮೊದಲು ಅವರನ್ನು ಕೇಳಿ.

ಪೇಟೆಂಟ್ ದೇಶದೇಶಕ್ಕೆ ಬೇರೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತ ವಿಧಾನ, ಅಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವಕ್ಕೆ ಪೇಟೆಂಟ್ ಇಲ್ಲ. ಇದನ್ನು ಕೇಳಿ 'ಇಂಡಿಯಾದಲ್ಲಿ ಚಿಂತೆ ಇಲ್ಲ' ಅಂತ ಕೂರುವ ಹಾಗಿಲ್ಲ. ಆ 'ಬರೀ' ಅನ್ನುವುದರಲ್ಲೇ ಸಂದಿ ಇದೆ. ತಾಂತ್ರಿಕ ಪರಿಣಾಮ ತೋರಿಸಿದರೆ ಪೇಟೆಂಟ್ ಸಿಗಬಹುದು ಅಂತ ದೆಹಲಿ ಹೈಕೋರ್ಟ್ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಹೇಳಿದೆ. ಅಲ್ಲದೆ ಬೆಂಗಳೂರಿನಲ್ಲಿ ಕೂತು ಬರೆದ ಆ್ಯಪ್ ಅಮೆರಿಕದಲ್ಲಿ ಮಾರಾಟವಾದರೆ ಅಲ್ಲಿನ ಕಾನೂನು ಅನ್ವಯ ಆಗುತ್ತದೆ. ಎಲ್ಲಿ ಬರೆದಿರಿ ಅನ್ನುವಷ್ಟೇ ಎಲ್ಲಿ ಕೊಡುತ್ತೀರಿ ಅನ್ನುವುದೂ ಮುಖ್ಯ.

ಮತ್ತೆ ಲೈಸೆನ್ಸ್‌ಗೆ ಬರೋಣ. ಬಿಎಸ್‌ಡಿ, ಎಂಐಟಿ ಪೇಟೆಂಟ್ ಬಗ್ಗೆ ನೇರವಾಗಿ ಏನೂ ಹೇಳಲ್ಲ. ಅಪಾಚೆ 2.0 ಮತ್ತು ಜಿಪಿಎಲ್ 3 ಹೇಳುತ್ತವೆ: ಕೋಡ್ ಕೊಟ್ಟವರು ಅದಕ್ಕೆ ಸಂಬಂಧಿಸಿದ ತಮ್ಮ ಪೇಟೆಂಟ್‌ಗಳನ್ನು ಬಳಸಲು ನಿಮಗೆ ಬಿಟ್ಟುಕೊಟ್ಟ ಹಾಗೆ. ಓಪನ್‌ಸಿವಿ ಕೂಡ 4.5ರಿಂದ ಅಪಾಚೆ 2ಕ್ಕೆ ಬಂದಿದೆ. ಒಳ್ಳೆಯದೇ, ಆದರೆ ಮೂರನೆಯವರ ಪೇಟೆಂಟ್ ಬಂದರೆ ಇದೂ ಕಾಯಲ್ಲ.

ನಮ್ಮ ಪೇಟೆಂಟ್ ಬಳಸಿದ್ದೀರಿ ಅಂತ ನೋಟಿಸ್ ಬಂದೇ ಬಿಟ್ಟರೆ? ಗಿಟ್‌ಹಬ್ ಇಶ್ಯೂನಲ್ಲಿ ಚರ್ಚೆ ಶುರು ಮಾಡಬೇಡಿ, 'ಹೌದು, ಅದೇ ವಿಧಾನ ಬಳಸಿದ್ದೇವೆ' ಅಂತ ಇಮೇಲ್ ಬರೆಯಬೇಡಿ. ಪೇಟೆಂಟ್ ಗೊತ್ತಿರುವ ವಕೀಲರ ಹತ್ತಿರ ಹೋಗಿ, ಗಡುವು ಮೀರಲು ಬಿಡಬೇಡಿ. ಹೆದರಿ ತಕ್ಷಣ ದುಡ್ಡು ಕಟ್ಟುವುದೂ ಬೇಡ. ಶಾಟ್‌ವೆಲ್ ಅನ್ನುವ ಫೋಟೋ ಆ್ಯಪ್ ವಿಚಾರದಲ್ಲಿ ರಾತ್‌ಚೈಲ್ಡ್ ಪೇಟೆಂಟ್ ಇಮೇಜಿಂಗ್ ಕಂಪನಿ 2019ರಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ನೋಮ್ (GNOME) ಹಿಂದಿರುವ ನೋಮ್ ಫೌಂಡೇಶನ್ ಮೇಲೆ ಕೇಸು ಹಾಕಿತು. ಫೌಂಡೇಶನ್ ರಾಜಿಗೆ ಒಪ್ಪದೆ ಹೋರಾಡಿತು. 4,000ಕ್ಕೂ ಹೆಚ್ಚು ಜನ ದೇಣಿಗೆ ಕೊಟ್ಟರು, ವಕೀಲರು ಫೀಸಿಲ್ಲದೆ ವಾದಕ್ಕೆ ನಿಂತರು. 2020ರ ಮೇ ತಿಂಗಳಲ್ಲಿ ಕೇಸು ಮುಗಿದಾಗ ನೋಮ್ ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ಓಪನ್ ಸೋರ್ಸ್ ಇನಿಶಿಯೇಟಿವ್ (ಒಎಸ್ಐ) ಒಪ್ಪಿದ ಲೈಸೆನ್ಸ್ ಇರುವ ಯಾವ ಸಾಫ್ಟ್‌ವೇರ್ ಮೇಲೂ ತನ್ನ ಪೇಟೆಂಟ್‌ಗಳನ್ನು ಹಿಡಿದು ಕೇಸು ಹಾಕಲ್ಲ ಅಂತ ಆ ಕಂಪನಿ ಒಪ್ಪಿಕೊಂಡಿತು. ಲೈಸೆನ್ಸ್ ಹಾಕದೆ ಸುಮ್ನೆ ರೆಪೊ ಸಾರ್ವಜನಿಕ ಮಾಡಿಟ್ಟವರಿಗೆ ಇಂಥ ಒಪ್ಪಂದದ ಲಾಭ ಸಿಗಲ್ಲ. ನಿಮ್ಮ ಕೋಡ್ ಹಾಗೇ ಬಿದ್ದಿದ್ದರೆ ಇವತ್ತೇ ಒಂದು ಲೈಸೆನ್ಸ್ ಫೈಲ್ ಸೇರಿಸಿ.